ಜೋಡಿಸಿ ಮುಗಿಸಿದ ರೋಬೋಟ್ ಮಾದರಿಗೆ ಮತ್ತೆ ಬಣ್ಣ ಹಚ್ಚುವುದು ಹೇಗೆ?

ಪ್ರಶ್ನೆ: ಕಳೆದ ವರ್ಷ 1/144 ಅಳತೆಯ ಪ್ಲಾಸ್ಟಿಕ್ ರೋಬೋಟ್ ಕಿಟ್ ಒಂದನ್ನು ಬಣ್ಣ ಹಚ್ಚದೆಯೇ ಜೋಡಿಸಿದ್ದೆ. ಮೈಮೇಲಿನ ಗೆರೆಗಳು ಎದ್ದು ಕಾಣಲೆಂದು ಎನಾಮಲ್ ಬಣ್ಣದ ತೆಳು ದ್ರವವನ್ನು ಬಿಟ್ಟಾಗ ಭುಜದ ಒಂದು ಭಾಗ ತಾನಾಗಿಯೇ ಸೀಳಿತು. ಈಗ ಇಡೀ ಮಾದರಿಗೆ ಕಡುನೀಲಿ ಮತ್ತು ಮಾಸಲು ಬಿಳಿ ಬಣ್ಣ ಕೊಡಬೇಕೆಂದಿದ್ದೇನೆ. ಮೊದಲು ನೋಡೋಣವೆಂದು ಒಂದು ಕೈಯನ್ನು ಬಿಚ್ಚದೆಯೇ ಸ್ಪ್ರೇ ಹೊಡೆದೆ. ಮೊಣಕೈ ಬಿಗಿದುಕೊಂಡಿತು; ಒತ್ತಿ ಮಡಿಸಿದಾಗ ಬಣ್ಣ ಕಿತ್ತುಬಂತು. ಬಿಚ್ಚದೆ ಬಣ್ಣ ಹಚ್ಚಲು ಸಾಧ್ಯವೇ? ಹಚ್ಚಿದ ಬಣ್ಣವನ್ನು ತೆಗೆಯುವುದು ಹೇಗೆ? ಕುಂಚ, ಸ್ಪ್ರೇ ಡಬ್ಬಿ, ಏರ್‌ಬ್ರಶ್ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮಗೆ ಎದುರಾದ ಎರಡು ತೊಂದರೆಗಳಿಗೂ ಕಾರಣಗಳು ಸ್ಪಷ್ಟವಾಗಿವೆ. ಬಣ್ಣಕ್ಕೆ ದಪ್ಪವಿದೆ, ದ್ರಾವಕಕ್ಕೆ ಪ್ಲಾಸ್ಟಿಕ್ಕಿನ ಒಳಗೆ ಇಳಿಯುವ ಶಕ್ತಿಯಿದೆ. ಮೊಣಕೈ ಬಿಗಿದದ್ದು ಮೊದಲನೆಯದರಿಂದ, ಭುಜ ಸೀಳಿದ್ದು ಎರಡನೆಯದರಿಂದ. ವಿಮಾನ ಅಥವಾ ಕಾರಿನ ಮಾದರಿಯನ್ನು ಮಾಡುವವರು ಈ ಎರಡನ್ನೂ ಅಷ್ಟಾಗಿ ಲೆಕ್ಕಿಸದೆ ಇರಬಹುದು, ಏಕೆಂದರೆ ಅವರ ಮಾದರಿ ಒಮ್ಮೆ ಸಿದ್ಧವಾದ ಮೇಲೆ ಕದಲುವುದಿಲ್ಲ. ರೋಬೋಟ್ ಮಾದರಿಯಲ್ಲಾದರೋ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಹತ್ತಾರು ಕಡೆ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ, ಹತ್ತಾರು ಗೂಟಗಳು ತಮ್ಮ ಕುಳಿಗಳನ್ನು ಸದಾ ಒಳಗಿನಿಂದ ಒತ್ತುತ್ತಲೇ ಇರುತ್ತವೆ. ಆದ್ದರಿಂದ ಬಿಚ್ಚದೆ ಬಣ್ಣ ಹಚ್ಚುವ ದಾರಿ ಇಲ್ಲವೆಂದೇ ಹೇಳಬೇಕು. ಜೋಡಿಸಿದ ಮಾದರಿಯ ಮೇಲೆ ತೆಳುವಾಗಿ ಮ್ಯಾಟ್ ಟಾಪ್ ಕೋಟ್ (ಹೊಳಪಿಲ್ಲದ, ಬಣ್ಣವಿಲ್ಲದ ಕೊನೆಯ ರಕ್ಷಣಾ ಪದರ) ಒಂದನ್ನು ಹೊಡೆದು ಪ್ಲಾಸ್ಟಿಕ್ಕಿನ ಹೊಳಪನ್ನು ತಗ್ಗಿಸಬಹುದು. ಬಣ್ಣ ಬದಲಾಗಬೇಕಾದರೆ ಮಾತ್ರ ಪ್ರತಿಯೊಂದು ಭಾಗವೂ ಬೇರೆಯಾಗಲೇಬೇಕು.

ಇದಕ್ಕೆ ಈ ಕಿಟ್‌ಗಳ ಇತಿಹಾಸದಲ್ಲೂ ಒಂದು ಕಾರಣವಿದೆ. ಜಪಾನಿನ ಬಂದಾಯ್ ಸಂಸ್ಥೆ 1980ರಲ್ಲಿ 300 ಯೆನ್ ಬೆಲೆಗೆ ಹೊರತಂದ, ಗುಂಡಮ್ ಎಂಬ ಟಿವಿ ಕಾರ್ಟೂನ್ ಸರಣಿಯ ರೋಬೋಟಿನ ಮೊದಲ 1/144 ಕಿಟ್‌ಗೆ ಅಂಟು ಬೇಕಿತ್ತು, ಬಣ್ಣವೂ ಬೇಕಿತ್ತು, ಏಕೆಂದರೆ ಅದರ ಪ್ಲಾಸ್ಟಿಕ್ ಬಹುಮಟ್ಟಿಗೆ ಒಂದೇ ಬಣ್ಣದ್ದು. ಮುಂದೆ 1990ರ ಎಚ್‌ಜಿ (ಹೈ ಗ್ರೇಡ್), 1995ರ ಎಂಜಿ (ಮಾಸ್ಟರ್ ಗ್ರೇಡ್) ಮುಂತಾದ ಶ್ರೇಣಿಗಳು ಬರುವ ಹೊತ್ತಿಗೆ ಭಾಗಗಳನ್ನು ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕುವುದೂ ಅಂಟಿಲ್ಲದೆ ಒತ್ತಿ ಕೂರಿಸುವುದೂ ರೂಢಿಗೆ ಬಂದವು. ಹೊಸಬರಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಅಂಟಿಲ್ಲದೆ ನಿಲ್ಲಬೇಕಾದ ಭಾಗಗಳ ಬಿಗಿತವನ್ನು ಬರಿಯ ಪ್ಲಾಸ್ಟಿಕ್ಕಿಗೆ ಸರಿಹೊಂದುವಂತೆ ಅಳೆದಿರುತ್ತಾರೆ. ನೀವು ಮೇಲೆ ಹಚ್ಚುವ ಪದರಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಆ ಜಾಗವನ್ನು ನೀವೇ ಮಾಡಿಕೊಳ್ಳಬೇಕು.

ಮೊದಲು ಭುಜದ ವಿಷಯ. ಭಾಗಗಳನ್ನು ಹಿಡಿದಿಡುವ ರನ್ನರ್ ಚೌಕಟ್ಟಿನ ಅಂಚಿನಲ್ಲಿ ಪಿಎಸ್, ಎಬಿಎಸ್, ಪಿಇ ಎಂಬ ಅಕ್ಷರಗಳು ಅಚ್ಚಾಗಿರುತ್ತವೆ. ಚೌಕಟ್ಟನ್ನು ಎಸೆದಿದ್ದರೂ ಕೈಪಿಡಿಯಲ್ಲಿ ಈ ವಿವರ ಸಾಮಾನ್ಯವಾಗಿ ಸಿಗುತ್ತದೆ. ಪಿಎಸ್ ಎಂದರೆ ಪಾಲಿಸ್ಟೈರೀನ್: ಹೊರಕವಚದ ಹೆಚ್ಚಿನ ಭಾಗಗಳು ಇದರವು, ಬಣ್ಣ ಇದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಎಬಿಎಸ್ ಅದಕ್ಕಿಂತ ಗಟ್ಟಿ, ಹೊರೆ ಹೊರುವ ಒಳ ಚೌಕಟ್ಟಿಗೂ ಕೀಲುಗಳಿಗೂ ಬಳಸುತ್ತಾರೆ. ಪಿಇ ಎಂದರೆ ಪಾಲಿಎಥಿಲೀನ್: ಕೀಲಿನೊಳಗೆ ಕೂರುವ, ರಬ್ಬರಿನಂತೆ ಬಾಗುವ ಬೂದು ಬಣ್ಣದ ತುಣುಕುಗಳು. ಇವುಗಳ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಹಚ್ಚುವ ಪ್ರಯತ್ನವನ್ನೇ ಮಾಡಬೇಡಿ. ಎನಾಮಲ್ ಬಣ್ಣವನ್ನು ತೆಳುಗೊಳಿಸುವ ಪೆಟ್ರೋಲಿಯಂ ಮೂಲದ ಥಿನ್ನರ್, ಎಳೆತಕ್ಕೆ ಸಿಕ್ಕಿರುವ ಪ್ಲಾಸ್ಟಿಕ್ಕಿನ ಅಣುಸರಪಳಿಗಳ ನಡುವೆ ನುಸುಳಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಅದುವರೆಗೆ ಒತ್ತಡವನ್ನು ತಡೆದುಕೊಂಡಿದ್ದ ಕುಳಿಯ ಗೋಡೆ ಆಗ ಹೊರಗಿನಿಂದ ಯಾರೂ ಮುಟ್ಟದೆಯೇ ಸೀಳುತ್ತದೆ. ಎಬಿಎಸ್‌ನಲ್ಲಿ ಇದು ಬಹಳ ಬೇಗ ಆಗುತ್ತದೆ, ಬಿಗಿಯಾಗಿ ಕೂತ ಪಾಲಿಸ್ಟೈರೀನ್‌ನಲ್ಲಿಯೂ ಆಗುವುದುಂಟು. ಗೂಟ ಕುಳಿಯೊಳಗೆ ಬಿಗಿದಿದ್ದಾಗ ಗೆರೆಗೆ ಬಿಟ್ಟ ದ್ರವ ಸಂದಿನ ಮೂಲಕ ಒಳಗೆ ಹರಿದು ಅಲ್ಲಿ ಆರದೆ ನಿಂತಿರಬೇಕು. ಬಿಚ್ಚಿಟ್ಟ ಭಾಗದಲ್ಲಿ ಎಳೆತವೇ ಇರುವುದಿಲ್ಲವಾದ್ದರಿಂದ ಅದೇ ದ್ರವ ಅಷ್ಟು ಹಾನಿ ಮಾಡದೆ ಆರಿಹೋಗುತ್ತದೆ. ಸೀಳಿದ ಭಾಗ ಪಾಲಿಸ್ಟೈರೀನ್ ಆಗಿದ್ದರೆ ನೀರಿನಷ್ಟು ತೆಳುವಾದ ಪ್ಲಾಸ್ಟಿಕ್ ಸಿಮೆಂಟನ್ನು (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು) ಬಿರುಕಿಗೆ ತಾಗಿಸಿ, ಅದು ಒಳಗೆ ಹರಿದ ಕೂಡಲೆ ಬೆರಳಿನಿಂದ ಒತ್ತಿ ಹಿಡಿದು, ಟೇಪು ಸುತ್ತಿ ಒಂದೆರಡು ದಿನ ಬಿಡಿ. ಆಮೇಲೆ ಕುಳಿಯನ್ನು ಒಳಗಿನಿಂದ ತುಸು ಉಜ್ಜಿ ಅಗಲಿಸಬೇಕು. ಇಲ್ಲವಾದರೆ ಅದೇ ಗೂಟ ಅದೇ ಗೋಡೆಯನ್ನು ಮತ್ತೆ ಸೀಳುತ್ತದೆ.

ಬಿಚ್ಚುವಾಗ ಅವಸರ ಮಾಡಿದರೆ ಗೂಟಗಳು ಮುರಿಯುತ್ತವೆ. ಎರಡು ಭಾಗಗಳು ಸೇರುವ ಕಡೆ ಹಲವು ಕಿಟ್‌ಗಳಲ್ಲಿ ಕಣ್ಣಿಗೆ ಬೀಳದಂಥ ಸಣ್ಣ ಕಚ್ಚು ಇರುತ್ತದೆ. ಭಾಗಗಳನ್ನು ಬೇರ್ಪಡಿಸಲೆಂದೇ ಸಿಗುವ ತೆಳು ಬಾಯಿಯ ಸಾಧನವನ್ನು ಅಲ್ಲಿಗೆ ತೂರಿಸಿ, ಒಂದು ಬದಿಯನ್ನು ಕೂದಲೆಳೆಯಷ್ಟು ತೆರೆದು, ಮತ್ತೊಂದು ಬದಿಗೆ ಹೋಗಿ ಅಷ್ಟೇ ತೆರೆದು, ಹೀಗೆ ಸುತ್ತುತ್ತಾ ಬರಬೇಕು. ಒಂದೇ ಬದಿಯಿಂದ ಎತ್ತಿದರೆ ಗೂಟ ಓರೆಯಾಗಿ ಸಿಕ್ಕಿ ಬುಡದಲ್ಲೇ ಮುರಿಯುತ್ತದೆ. ಎಡಗೈ, ಬಲಗೈ, ಎದೆ, ಸೊಂಟ ಹೀಗೆ ಒಂದೊಂದು ಅಂಗದ ತುಣುಕುಗಳನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆಯಿರಿ. ಎಡಬಲದ ಭಾಗಗಳು ನೋಡಲು ಒಂದೇ ಥರ ಇದ್ದರೂ ಹಲವು ವೇಳೆ ಒಂದರ ಸ್ಥಳದಲ್ಲಿ ಇನ್ನೊಂದು ಕೂರುವುದಿಲ್ಲ. ಎಲ್ಲವೂ ಬೇರೆಯಾದ ಮೇಲೆ ಹೊರಕವಚದ ಗೂಟಗಳ ತುದಿಯನ್ನು ನಿಪ್ಪರ್‌ನಿಂದ ಓರೆಯಾಗಿ ಕತ್ತರಿಸಿದರೆ ಮುಂದಿನ ಜೋಡಣೆ, ಬಿಚ್ಚುವಿಕೆ ಎರಡೂ ಹಗುರವಾಗುತ್ತವೆ. ಹೊರೆ ಹೊರುವ ಕೀಲಿನ ಗೂಟಗಳನ್ನು ಮಾತ್ರ ಹೀಗೆ ಕತ್ತರಿಸಬೇಡಿ.

ಈಗಾಗಲೇ ಸ್ಪ್ರೇ ಹೊಡೆದ ಕೈಯ ಬಣ್ಣವನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೆಗೆಯಬಹುದು. ಪಾಲಿಸ್ಟೈರೀನ್ ಭಾಗಗಳನ್ನು ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲಿ ಅದರಲ್ಲಿ ಮುಳುಗಿಸಿಟ್ಟು, ಆಗಾಗ ತೆಗೆದು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಅಕ್ರಿಲಿಕ್ ಬಣ್ಣ ಬೇಗ ಬಿಡುತ್ತದೆ. ಡಬ್ಬಿಯಲ್ಲಿ ಬರುವ ಲ್ಯಾಕರ್ (ತೀಕ್ಷ್ಣ ದ್ರಾವಕದ, ಬೇಗ ಆರಿ ಗಟ್ಟಿಯಾಗುವ) ಬಣ್ಣ ಗಂಟೆಗಟ್ಟಲೆ ನೆನೆದ ಮೇಲೆ ಹಾಳೆಯಂತೆ ಕಳಚಿಕೊಳ್ಳುತ್ತದೆ. ಪಾರದರ್ಶಕ ಭಾಗಗಳನ್ನೂ ಎಬಿಎಸ್ ಭಾಗಗಳನ್ನೂ ಇದರಲ್ಲಿ ನೆನೆಸಿಡಬಾರದು. ಎಬಿಎಸ್ ಮೇಲಿನದನ್ನು ಬಟ್ಟೆಯಿಂದ ಒರೆಸಿ ಅಥವಾ ಉಜ್ಜಿ ತೆಗೆಯಿರಿ. ಅಸಿಟೋನನ್ನಂತೂ ಹತ್ತಿರಕ್ಕೂ ತರಬೇಡಿ, ಅದು ಪಾಲಿಸ್ಟೈರೀನನ್ನೇ ಕರಗಿಸುತ್ತದೆ. ಲ್ಯಾಕರ್ ಥಿನ್ನರ್‌ನಲ್ಲಿ ನೆನೆಸಿದರೂ ಅದೇ ಗತಿ. ಸ್ಟಿಕ್ಕರ್ ಬಿಟ್ಟುಹೋದ ಅಂಟನ್ನು ಅದೇ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಬಹುದು. ಹಳೆಯ ಎನಾಮಲ್ ಗೆರೆಗಳನ್ನು ಪೂರ್ತಿ ತೆಗೆಯುವುದು ಅಗತ್ಯ, ಕಾರಣವನ್ನು ಮುಂದೆ ಹೇಳುತ್ತೇನೆ. ಆಲ್ಕೋಹಾಲಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಈ ಕೆಲಸ ನಡೆಯುವ ಕೋಣೆಯಲ್ಲಿ ಯಾವ ಉರಿಯೂ ಇರಕೂಡದು.

ಮೈ ಸಿದ್ಧಪಡಿಸುವ ಕೆಲಸದಲ್ಲಿ ಎಷ್ಟು ಹೊತ್ತು ಕಳೆದರೂ ಅದು ವ್ಯರ್ಥವಲ್ಲ. ಬಣ್ಣ ದೋಷವನ್ನು ಮುಚ್ಚುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಒಂದೇ ಬಣ್ಣದ ನಯವಾದ ಮೈ ಮೇಲೆ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ರನ್ನರ್‌ನಿಂದ ಕತ್ತರಿಸಿದ ಕಡೆ ಉಳಿದ ಮೊಳೆ, ಅಚ್ಚಿನ ಎರಡು ಹೋಳುಗಳು ಸೇರಿದ ಕಡೆ ಬಿದ್ದ ತೆಳು ಏಣು, ಪ್ಲಾಸ್ಟಿಕ್ ದಪ್ಪವಿರುವ ಕಡೆ ಆರುವಾಗ ಕುಸಿದು ಉಂಟಾದ ತಗ್ಗು, ಈ ಮೂರನ್ನೂ ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಬೇಕು. 400ರ ಸ್ಯಾಂಡ್‌ಪೇಪರ್‌ನಿಂದ ಆರಂಭಿಸಿ 600, ಬಳಿಕ 800ಕ್ಕೆ ಬನ್ನಿ. ಪ್ರೈಮರ್ (ಬಣ್ಣ ಹಿಡಿಯಲೆಂದು ಅಡಿಯಲ್ಲಿ ಕೊಡುವ ಮೊದಲ ಪದರ) ಹಾಕುವುದಾದರೆ ಅದಕ್ಕಿಂತ ನಯ ಮಾಡುವ ಅಗತ್ಯವಿಲ್ಲ, ತೀರ ನುಣುಪಾದರೆ ಬಣ್ಣಕ್ಕೆ ಹಿಡಿತವೂ ಕಡಿಮೆ. ಕಾಗದವನ್ನು ಗಟ್ಟಿಯಾದ ಚಪ್ಪಟೆ ತುಂಡಿಗೆ ಅಂಟಿಸಿಕೊಂಡು ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಚೂಪಾಗಿರಬೇಕಾದ ಅಂಚುಗಳು ದುಂಡಗಾಗುತ್ತವೆ, ಯಂತ್ರದ ಗಡಸುತನವೇ ಮಾಯವಾಗುತ್ತದೆ.

ಎರಡು ಹೋಳುಗಳು ಸೇರುವ ಸಂದನ್ನು ಅಳಿಸಬೇಕೆಂದರೆ ಎರಡೂ ಅಂಚಿಗೆ ಸಿಮೆಂಟ್ ಧಾರಾಳವಾಗಿ ಹಚ್ಚಿ, ಕರಗಿದ ಪ್ಲಾಸ್ಟಿಕ್ ಸಾಲಾಗಿ ಉಕ್ಕುವಂತೆ ಒತ್ತಿ, ಕೆಲವು ದಿನ ಬಿಟ್ಟು ಉಜ್ಜಬೇಕು. ಬೇಗ ಉಜ್ಜಿದರೆ ಒಳಗಿನ ಮೆತ್ತನೆಯ ಪ್ಲಾಸ್ಟಿಕ್ ಮುಂದೆ ಕುಗ್ಗಿ ಅಲ್ಲಿ ಮತ್ತೆ ಗೆರೆ ಬೀಳುತ್ತದೆ. ಮುಂದೋಳಿನ ಎರಡು ಹೋಳುಗಳ ನಡುವೆ ಮೊಣಕೈ ಕೀಲು ಸಿಕ್ಕಿಕೊಂಡಿರುವಂಥ ಕಡೆ ಇನ್ನೊಂದು ಕಷ್ಟವಿದೆ: ಹೋಳುಗಳನ್ನು ಅಂಟಿಸಿದರೆ ಕೀಲಿಗೆ ಪ್ರತ್ಯೇಕವಾಗಿ ಬಣ್ಣ ಹಚ್ಚಲಾಗದು. ಕೀಲಿನ ತುದಿಯಲ್ಲಿರುವ ಉಂಗುರವನ್ನು ಒಂದು ಬದಿಯಲ್ಲಿ ಕತ್ತರಿಸಿ ಬಾಯಿ ತೆರೆದ ಕೊಕ್ಕೆಯಂತೆ ಮಾಡಿಕೊಂಡರೆ ಬಣ್ಣವೆಲ್ಲ ಮುಗಿದ ಮೇಲೆ ಅದನ್ನು ಒಳಗೆ ತೂರಿಸಬಹುದು. ಕತ್ತರಿಸುವ ಬದಿ ಹೊರೆ ಬೀಳದ ಬದಿಯಾಗಿರಲಿ. ಎಲ್ಲ ಸಂದುಗಳನ್ನೂ ಅಳಿಸಬೇಕೆಂಬ ಹಟ ಬೇಡವೆಂಬುದು ನನ್ನ ಅಭಿಪ್ರಾಯ. ಹೊಸ ಕಿಟ್‌ಗಳಲ್ಲಿ ವಿನ್ಯಾಸಕಾರರು ಎಷ್ಟೋ ಸಂದುಗಳನ್ನು ಕವಚದ ಗೆರೆಯಾಗಿಯೇ ಕಾಣುವಂತೆ ಇಟ್ಟಿರುತ್ತಾರೆ, ಅದನ್ನು ಅಳಿಸಿದರೆ ಮಾದರಿಯ ಅಂದ ಕಡಿಮೆಯಾಗುತ್ತದೆ. ಕೊನೆಗೆ ಎಲ್ಲ ಭಾಗಗಳನ್ನೂ ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ತೊಳೆದು ಆರಿಸಿ. ಅಚ್ಚಿನಿಂದ ಬಂದ ಎಣ್ಣೆ, ಬೆರಳಿನ ಜಿಡ್ಡು, ಉಜ್ಜಿದ ಪುಡಿ ಎಲ್ಲವೂ ಹೋಗಬೇಕು.

ಇನ್ನು ಮೊಣಕೈಯ ವಿಷಯ. ಪ್ರೈಮರ್, ಬಣ್ಣ, ಹೊಳಪಿನ ಪದರ, ಟಾಪ್ ಕೋಟ್ ಎಲ್ಲ ಸೇರಿದರೆ ಮೈ ಮೇಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಸನಿಹಕ್ಕೆ ಹೋಗಬಹುದು. ಉಜ್ಜುವ ಎರಡೂ ಮೈಗಳಿಗೆ ಬಣ್ಣವಿದ್ದರೆ ಅದರ ಎರಡರಷ್ಟು. ಕೀಲಿನೊಳಗೆ ಅಷ್ಟು ತೆರಪು ಇರುವುದೇ ಇಲ್ಲ. ಆದುದರಿಂದ ಬಣ್ಣಕ್ಕೆ ಮೊದಲೇ ಮಾದರಿಯನ್ನು ಹಗುರವಾಗಿ ಒಮ್ಮೆ ಜೋಡಿಸಿ, ಉಜ್ಜುವ ಎರಡು ಮೈಗಳಲ್ಲಿ ಒಂದಕ್ಕೆ ಮೆತ್ತನೆಯ ಪೆನ್ಸಿಲಿನಿಂದ ಗೀಚಿ, ಕೀಲನ್ನು ಪೂರ್ತಿ ಮಡಿಸಿ ಬಿಡಿಸಿ ನೋಡಿ. ಎಲ್ಲಿ ಸೀಸ ಎದುರು ಮೈಗೆ ಅಂಟಿದೆಯೋ ಅಲ್ಲಿ ಬಣ್ಣ ಕಿತ್ತುಹೋಗುತ್ತದೆ ಎಂದು ತಿಳಿಯಿರಿ. ಹೊರಗೆ ಕಾಣುವ ಮೈಯಾದರೆ ಅದಕ್ಕೆ ಎದುರಾದ, ಕಾಣದ ಮೈಯನ್ನು 400ರ ಕಾಗದದಿಂದ ಉಜ್ಜಿ ತೆರಪು ಮಾಡಿ. ಕಾಣುವುದೇ ಇಲ್ಲವೆಂದಾದರೆ ಟೇಪಿನಿಂದ ಮುಚ್ಚಿ ಬಣ್ಣವೇ ತಾಗದಂತೆ ನೋಡಿಕೊಳ್ಳಿ. ಗೂಟದ ಮೈ, ಕುಳಿಯ ಒಳಮೈ, ಗುಂಡುಕೀಲಿನ ಗುಂಡು, ಇವು ಎಂದೂ ಬಣ್ಣ ಕಾಣಬಾರದ ಸ್ಥಳಗಳು. ಸೊಂಟದ ಮುಂಭಾಗದ ಕವಚ ತೊಡೆಗೆ ತಾಗುವುದನ್ನೂ ಭುಜದ ಕವಚ ಎದೆಗೆ ತಾಗುವುದನ್ನೂ ಬಹಳ ಜನ ಗಮನಿಸುವುದಿಲ್ಲ. ಮಾದರಿ ಸಿದ್ಧವಾದ ಮೇಲೆ ಬಣ್ಣ ಮೊದಲು ಹೋಗುವುದು ಇಂಥ ಕಡೆಗಳಲ್ಲೇ.

ಉಪಕರಣದ ಪ್ರಶ್ನೆಗೆ ನನ್ನ ನೇರ ಉತ್ತರ, ಕೈಗೆಟಕುವುದಾದರೆ ಏರ್‌ಬ್ರಶ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಸಣ್ಣ ಹನಿಗಳಾಗಿ ಸಿಂಪಡಿಸುವ ಪೆನ್ನಿನಂಥ ಸಾಧನ. ತೆಳು ಪದರ ಬೇಕೆಂಬುದೇ ಇಲ್ಲಿ ಮುಖ್ಯ ಕಾರಣ. 0.3 ಮಿಲಿಮೀಟರ್ ನಳಿಕೆ ಎಲ್ಲ ಕೆಲಸಕ್ಕೂ ಸಾಕು. ಲ್ಯಾಕರ್ ಬಣ್ಣದ ಒಂದು ಪಾಲಿಗೆ ಒಂದರಿಂದ ಎರಡು ಪಾಲು ಥಿನ್ನರ್ ಬೆರೆಸಿ, ಗಾಳಿಯ ಒತ್ತಡವನ್ನು ಸುಮಾರು 1 ಬಾರ್‌ಗೆ ಇಟ್ಟು, ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಮೊದಲು ಹೊಡೆದು ನೋಡಿ. ಮೈ ಮರಳು ಮರಳಾದರೆ ಬಣ್ಣ ಗಾಳಿಯಲ್ಲೇ ಆರುತ್ತಿದೆ, ಹತ್ತಿರ ಹಿಡಿಯಿರಿ ಅಥವಾ ಇನ್ನಷ್ಟು ತೆಳು ಮಾಡಿ. ಜೇಡನ ಕಾಲಿನಂತೆ ಹರಡಿದರೆ ತೀರ ತೆಳುವಾಗಿದೆ ಅಥವಾ ಒತ್ತಡ ಹೆಚ್ಚಾಗಿದೆ. ಸ್ಪ್ರೇ ಡಬ್ಬಿಯಿಂದಲೂ ಒಳ್ಳೆಯ ಕೆಲಸ ಸಾಧ್ಯ, ಆದರೆ ಅದು ಒಮ್ಮೆಗೆ ಬಹಳಷ್ಟು ಬಣ್ಣ ಸುರಿಯುತ್ತದೆ. ಭಾಗದ ಆಚೆಯಿಂದ ಆರಂಭಿಸಿ ಭಾಗದ ಆಚೆಯಲ್ಲೇ ನಿಲ್ಲಿಸುವ ಚಿಕ್ಕ ಚಿಕ್ಕ ಬೀಸುಗಳಲ್ಲಿ ಹೊಡೆಯಬೇಕು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಡಬ್ಬಿಯನ್ನು ಮುಟ್ಟಬೇಡಿ. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ ತೇವ ಅಲ್ಲಿ ಕೂತು ಬಿಳಿ ಮಂಜು ಹಿಡಿದಂತಾಗುತ್ತದೆ, ಕಡುನೀಲಿಯ ಮೇಲೆ ಅದು ಢಾಳಾಗಿ ಕಾಣುತ್ತದೆ. ಕುಂಚವನ್ನು ಸಣ್ಣ ವಿವರಗಳಿಗೆ ಇಟ್ಟುಕೊಳ್ಳಿ. ಇಡೀ ಮಾದರಿಗೆ ಕುಂಚವೇ ಎಂದಾದರೆ ನೀರಿನ ಮೂಲದ ಅಕ್ರಿಲಿಕ್‌ನ ತೆಳು ಪದರಗಳನ್ನು, ಪ್ರತಿಯೊಂದೂ ಪೂರ್ತಿ ಆರಿದ ಮೇಲೆ, ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ಎಳೆಯಬೇಕು.

ನೀವು ಆರಿಸಿರುವ ಬಣ್ಣಗಳಿಗೆ ಪ್ರೈಮರ್ ಒಂದೇ ಆಗಬೇಕಿಲ್ಲ. ಮಿಸ್ಟರ್ ಸರ್ಫೇಸರ್‌ನಂಥ ಪ್ರೈಮರ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಕಣ ಸಣ್ಣದು: 500 ಸಣ್ಣ ತಗ್ಗುಗಳನ್ನು ತುಂಬುತ್ತದೆ, 1000 ಸಾಮಾನ್ಯ ಬಳಕೆಗೆ, 1500 ಬಹಳ ತೆಳು. ರೋಬೋಟ್ ಮಾದರಿಗೆ ಈ ಕೊನೆಯದೇ ನನಗೆ ಹೆಚ್ಚು ಹಿಡಿಸುತ್ತದೆ. ಮಾಸಲು ಬಿಳಿಯ ಭಾಗಗಳಿಗೆ ತಿಳಿ ಬೂದು ಅಥವಾ ಬಿಳಿ ಪ್ರೈಮರ್ ಇರಲಿ, ಏಕೆಂದರೆ ಬಿಳಿ ಬಣ್ಣ ಅಡಿಯದನ್ನು ಮುಚ್ಚುವುದರಲ್ಲಿ ದುರ್ಬಲ. ಕಪ್ಪಿನ ಮೇಲೆ ಅದನ್ನು ತರಲು ಹೋದರೆ ಪದರ ಏರಿಸುತ್ತಲೇ ಇರಬೇಕಾಗುತ್ತದೆ. ಕಡುನೀಲಿಯ ಕೆಳಗೆ ಕಪ್ಪು ಪ್ರೈಮರ್ ಹಾಕಿ, ನೀಲಿಯನ್ನು ಪ್ರತಿ ಫಲಕದ ನಡುವಿನಿಂದ ಅಂಚಿನತ್ತ ತೆಳುವಾಗಿ ತನ್ನಿ. ಅಂಚಿನಲ್ಲಿ ಕಪ್ಪು ತುಸು ಇಣುಕಿದರೆ ಮಾದರಿಗೆ ತೂಕ ಬಂದಂತೆ ಕಾಣುತ್ತದೆ. ಇಷ್ಟು ಚಿಕ್ಕ ಅಳತೆಯಲ್ಲಿ ಅಚ್ಚ ಬಿಳಿಯೂ ಅಚ್ಚ ಕಪ್ಪೂ ಆಟಿಕೆಯ ಭಾವ ತರುತ್ತವೆ, ನೀವು ಮಾಸಲು ಬಿಳಿಯನ್ನು ಬಯಸಿರುವುದು ಸರಿಯಾದ ಆಯ್ಕೆ.

ಪದರಗಳ ಕ್ರಮವನ್ನು ಬದಲಿಸುವಂತಿಲ್ಲ. ಕೆಳಗೆ ಲ್ಯಾಕರ್, ಅದರ ಮೇಲೆ ಬಣ್ಣವಿಲ್ಲದ ಹೊಳಪಿನ ಲ್ಯಾಕರ್ ಕ್ಲಿಯರ್, ಅದರ ಮೇಲೆ ನೀರಿನಲ್ಲಿ ಜಾರಿಸಿ ಅಂಟಿಸುವ ತೆಳು ಚಿತ್ರವಾದ ಡೆಕಾಲ್, ಬಳಿಕ ಎನಾಮಲ್ ಗೆರೆ, ಎಲ್ಲಕ್ಕೂ ಮೇಲೆ ಮ್ಯಾಟ್ ಟಾಪ್ ಕೋಟ್. ಎನಾಮಲ್ ಥಿನ್ನರ್ ಆರಿದ ಲ್ಯಾಕರನ್ನು ಕರಗಿಸದು, ಆದ್ದರಿಂದ ಗೆರೆ ತಪ್ಪಿದರೆ ಒರೆಸಿ ಮತ್ತೆ ಎಳೆಯಬಹುದು. ಲ್ಯಾಕರ್ ಥಿನ್ನರ್ ಮಾತ್ರ ಕೆಳಗಿರುವ ಎನಾಮಲನ್ನು ಕೆದಕಿ ಸುಕ್ಕುಗಟ್ಟಿಸುತ್ತದೆ, ಹಳೆಯ ಗೆರೆಗಳನ್ನು ಪೂರ್ತಿ ತೆಗೆಯಿರಿ ಎಂದದ್ದು ಇದಕ್ಕಾಗಿ. ಟಾಪ್ ಕೋಟ್ ಲ್ಯಾಕರ್ ಮೂಲದ್ದಾಗಿದ್ದರೆ ಮೊದಲ ಒಂದೆರಡು ಪದರ ಮಂಜಿನಷ್ಟು ತೆಳುವಾಗಿ ಬಿದ್ದು ಆರಲಿ. ಹಾಗೆ ಮಾಡಿದರೆ ಡೆಕಾಲೂ ಗೆರೆಯೂ ಸುರಕ್ಷಿತ. ಡೆಕಾಲಿಗೆ ಮೊದಲು ಹೊಳಪಿನ ಪದರ ಬೇಕೇ ಬೇಕು. ಒರಟು ಮೈ ಮೇಲೆ ಅದರ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ, ಆಮೇಲೆ ಅದನ್ನು ಸರಿಪಡಿಸುವುದು ಕಷ್ಟ.

ಗೆರೆಗೆ ದ್ರವ ಬಿಡುವಾಗ ಭಾಗಗಳು ಬಿಚ್ಚಿದ ಸ್ಥಿತಿಯಲ್ಲೇ ಇರಬೇಕೆಂದು ಮತ್ತೊಮ್ಮೆ ಒತ್ತಿ ಹೇಳುತ್ತೇನೆ. ಕುಂಚದ ತುದಿಯನ್ನು ಗೆರೆಗೆ ಬರಿದೆ ತಾಗಿಸಿದರೆ ಸಾಕು, ದ್ರವ ತಾನೇ ಹರಿಯುತ್ತದೆ. ಕುಳಿಗಳ ಹತ್ತಿರ ನಿಂತ ದ್ರವವನ್ನು ಕೂಡಲೆ ಹೀರಿ ತೆಗೆಯಿರಿ. ಗೆರೆ ಆರಿದ ಬಳಿಕ, ಥಿನ್ನರ್ ಸೋಕಿಸಿ ಹಿಂಡಿದ ಹತ್ತಿಕಡ್ಡಿಯಿಂದ ಹೊರಚೆಲ್ಲಿದ್ದನ್ನು ಒರೆಸಿ ಹಾಕಿ. ಬಿಳಿಯ ಮೇಲೆ ಬೂದು ಅಥವಾ ಕಂದು, ನೀಲಿಯ ಮೇಲೆ ಕಪ್ಪು ಹೊಂದುತ್ತದೆ. ಗೆರೆಗಳು ಸಾಕಷ್ಟು ಆರಿ ಥಿನ್ನರ್ ವಾಸನೆ ಹೋಗುವವರೆಗೂ ಯಾವ ಗೂಟವನ್ನೂ ಕುಳಿಗೆ ಸೇರಿಸಬೇಡಿ.

ಲ್ಯಾಕರ್ ಸಿಂಪಡಿಸುವಾಗ ಸಾಮಾನ್ಯ ಬಟ್ಟೆಯ ಮಾಸ್ಕ್ ಅಥವಾ ಧೂಳಿನ ಮಾಸ್ಕ್ ಉಪಯೋಗಕ್ಕೆ ಬಾರದು. ಸಾವಯವ ದ್ರಾವಕಗಳ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮುಖವಾಡವನ್ನೇ ಧರಿಸಿ, ಗಾಳಿಯನ್ನು ಹೊರಕ್ಕೆ ಎಳೆಯುವ ವ್ಯವಸ್ಥೆಯನ್ನೂ ಮಾಡಿಕೊಳ್ಳಿ. ಇದು ಸಾಧ್ಯವಿಲ್ಲವಾದರೆ ಲ್ಯಾಕರ್ ಬಿಟ್ಟು ನೀರಿನ ಮೂಲದ ಅಕ್ರಿಲಿಕ್‌ಗೆ ಹೋಗಿ. ಪದರದ ಗಟ್ಟಿತನ ತುಸು ಕಡಿಮೆಯಾದರೂ ಆರೋಗ್ಯ ಅದಕ್ಕಿಂತ ದೊಡ್ಡದು. ಅದನ್ನು ಸಿಂಪಡಿಸುವಾಗಲೂ ಸಣ್ಣ ಹನಿಗಳು ಉಸಿರಿಗೆ ಸೇರದಂತೆ ಮಾಸ್ಕ್ ಇರಲಿ.

ಕೆಲಸವನ್ನು ಆ ಕೆಟ್ಟ ಕೈಯಿಂದಲೇ ಆರಂಭಿಸಿ, ಉಳಿದ ಮಾದರಿಯನ್ನು ಮುಟ್ಟುವ ಮೊದಲು ಅದೊಂದನ್ನು ಟಾಪ್ ಕೋಟ್‌ವರೆಗೂ ಮುಗಿಸಿಬಿಡಿ. ನಿಮ್ಮ ಬಣ್ಣ, ನಿಮ್ಮ ಥಿನ್ನರ್, ನಿಮ್ಮ ಕಿಟ್‌ನ ಬಿಗಿತ ಇವೆಲ್ಲ ಹೇಗೆ ವರ್ತಿಸುತ್ತವೆ ಎಂಬುದು ಆ ಒಂದು ಕೈಯಲ್ಲೇ ತಿಳಿದುಬರುತ್ತದೆ. ಕೆಲವು ದಿನ ಆರಲು ಬಿಟ್ಟು, ಕಣ್ಣು ಮತ್ತು ಸೆನ್ಸರ್‌ಗಳ ಪಾರದರ್ಶಕ ಭಾಗಗಳನ್ನು ಟಾಪ್ ಕೋಟ್ ಮುಗಿದ ಮೇಲಷ್ಟೇ ಕೂರಿಸಿ, ಆಮೇಲೆ ಮೊಣಕೈಯನ್ನು ನಿಧಾನವಾಗಿ ಮಡಿಸಿ ನೋಡಿ. ಅದು ಬಿಗಿಯೆನಿಸಿದರೆ ಬಲ ಹಾಕದೆ ಮತ್ತೆ ಬಿಚ್ಚಿ, ಒಳಮೈಯನ್ನು ಇನ್ನೆರಡು ಸಲ ಉಜ್ಜಿ. ಬಿಗಿತ ಸರಿಯೆನಿಸಿದ ಮೇಲೆ ಅಷ್ಟೇ ತೆರಪನ್ನು ಮೊಣಕಾಲು, ಭುಜ ಮತ್ತು ಸೊಂಟದ ಕೀಲುಗಳಲ್ಲೂ ಮಾಡಿಕೊಂಡು ಉಳಿದ ಭಾಗಗಳಿಗೆ ಪ್ರೈಮರ್ ಹೊಡೆಯಲು ತೊಡಗಬಹುದು.